ಹೆಬ್ಬಗೋಡಿಯ ನಾಮಫಲಕ ಮತ್ತು ಸವಾಯ್ ನಾಡಿನ ಆಚಾರ್ಯ

ಬೆಂಗಳೂರಿನಿಂದ ಹೊಸೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಸಿಲ್ಕ್ ಬೋರ್ಡಿನ ಕೂಡುರಸ್ತೆಯನ್ನು ದಾಟಿ ಬೊಮ್ಮಸಂದ್ರದವರೆಗೆ ಹೋಗುವ ಪ್ರಯಾಣಿಕನಿಗೆ ಕಾಣಸಿಗುವ ನಾಮಫಲಕಗಳಲ್ಲಿ ಎರಡು ಯುಗಗಳ ಹೆಸರುಗಳು ಒಂದರೊಡನೊಂದು ಬೆರೆತುಕೊಂಡಿವೆ. ದೊಡ್ಡತೋಗೂರು, ಕೋನಪ್ಪನ ಅಗ್ರಹಾರ, ವೀರಸಂದ್ರ, ಹೆಬ್ಬಗೋಡಿ ಎಂಬವು ಕೆರೆಕಟ್ಟೆಗಳ, ಅಗ್ರಹಾರಗಳ, ರಾಗಿಹೊಲಗಳ ಕಾಲದವು. 2025ರ ಆಗಸ್ಟಿನಲ್ಲಿ ಸಂಚಾರಕ್ಕೆ ತೆರೆದ ಮೆಟ್ರೊ ಹಳದಿ ಮಾರ್ಗದ ನಿಲ್ದಾಣಗಳಾದರೋ ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರವೆಂದೂ, ಬಯೋಕಾನ್ ಹೆಬ್ಬಗೋಡಿಯೆಂದೂ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರವೆಂದೂ ಜೋಡಿ ಹೆಸರುಗಳನ್ನು ಧರಿಸಿ ನಿಂತಿವೆ. ಗ್ರಾಮಕ್ಕೂ ಸೇರದ, ಕಂಪನಿಗೂ ಸೇರದ ಮೂರನೆಯ ಬಗೆಯ ಹೆಸರೊಂದು ಇದೇ ಹೆಬ್ಬಗೋಡಿಯಲ್ಲಿ ಕಾಲೇಜಿನ ಮೇಲೆಯೂ ಶಾಲೆಯ ಮೇಲೆಯೂ ಬರೆಯಲ್ಪಟ್ಟಿದೆ. ಅದು ಸೇಂಟ್ ಫ್ರಾನ್ಸಿಸ್ ಡಿ ಸೇಲ್ಸ್. ವಿದ್ಯಾರ್ಥಿಗಳ ಬಾಯಲ್ಲಿ, ಆಟೋ ಚಾಲಕರ ಬಾಯಲ್ಲಿ, ಪ್ರವೇಶದ ಅರ್ಜಿಗಳಲ್ಲಿ ಅದು ಎಸ್.ಎಫ್.ಎಸ್. ಎಂಬ ಮೂರಕ್ಷರವಾಗಿ ಸಂಕ್ಷಿಪ್ತಗೊಂಡು, ಆ ಅಕ್ಷರಗಳ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದೇ ಬಹುಮಂದಿಗೆ ಮರೆತುಹೋಗಿದೆ.

ಆ ಮನುಷ್ಯನ ಪರಿಚಯ ಕನ್ನಡ ವಾಚಕರಿಗೆ ಆಗಬೇಕೆಂಬುದು ಈ ಲೇಖನದ ಉದ್ದೇಶ. ಅದಕ್ಕೆ ಕಾರಣವೂ ಉಂಟು. ಜಗತ್ತಿನ ನಾನಾ ಕಡೆಗಳಲ್ಲಿ ಊರುಗಳಿಗೆ, ದೇವಾಲಯಗಳಿಗೆ, ವಿಶ್ವವಿದ್ಯಾಲಯಕ್ಕೆ, ಸನ್ಯಾಸಿ ಸಂಘಗಳಿಗೆ ಈತನ ಹೆಸರನ್ನಿಟ್ಟಿದ್ದಾರೆ. ಆದರೆ ಆತ ತನ್ನ ಜೀವಮಾನವೆಲ್ಲ ಯಾವ ವಿಚಾರವನ್ನು ಪ್ರತಿಪಾದಿಸಿದನೋ, ಆ ವಿಚಾರಕ್ಕೆ ಅತ್ಯಂತ ಸಮೀಪವಾದ ನೆಲ ಯಾವುದೆಂದು ಕೇಳಿದರೆ, ದುಡಿಮೆಗಾಗಿಯೇ ನಿರ್ಮಾಣಗೊಂಡ, ಹಗಲಿರುಳು ಶಿಫ್ಟುಗಳಲ್ಲಿ ಎಚ್ಚತ್ತಿರುವ ಇಂಥ ಕೈಗಾರಿಕಾ ವಲಯವೇ ಎಂದು ನನಗೆ ತೋರುತ್ತದೆ.

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳುವುದು ಯುಕ್ತ. ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಫ್ರಾನ್ಸಿಸ್ ಎಂಬ ಹೆಸರಿನ ಸಂತರು ಹಲವರು. ಪಕ್ಷಿಗಳನ್ನೂ ದಾರಿದ್ರ್ಯವನ್ನೂ ಪ್ರೀತಿಸಿದ ಅಸ್ಸಿಸಿಯ ಫ್ರಾನ್ಸಿಸ್ ಹದಿಮೂರನೆಯ ಶತಮಾನದವನು. ಗೋವೆಯಲ್ಲಿ ಯಾರ ಶರೀರವನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆಯೋ, ಬೆಂಗಳೂರಿನ ಕ್ಲೀವ್‌ಲ್ಯಾಂಡ್ ಟೌನಿನ ಪ್ರಧಾನಾಲಯಕ್ಕೆ ಯಾರ ಹೆಸರಿದೆಯೋ, ಆ ಫ್ರಾನ್ಸಿಸ್ ಕ್ಸೇವಿಯರ್ 1552ರಲ್ಲಿ ತೀರಿಕೊಂಡವನು. ನಮ್ಮ ಫ್ರಾನ್ಸಿಸ್ ಹುಟ್ಟಿದ್ದು ಅದಾದ ಹದಿನೈದು ವರ್ಷಗಳ ಮೇಲೆ, 1567ರ ಆಗಸ್ಟ್ 21ರಂದು, ಆಲ್ಪ್ಸ್ ಪರ್ವತಗಳ ತಪ್ಪಲಿನ ಸವಾಯ್ ಎಂಬ ಸಂಸ್ಥಾನದಲ್ಲಿ. ಇಂದು ಫ್ರಾನ್ಸ್ ದೇಶಕ್ಕೆ ಸೇರಿರುವ ಆ ಪ್ರದೇಶವು ಆಗ ಸ್ವತಂತ್ರ ಪ್ರಭುತ್ವ. ಸಾಲ್ ಎಂಬುದು ಅವನ ಮನೆತನದ ಕೋಟೆಮನೆಯ ಹೆಸರು. ಬರಹದಲ್ಲಿ ಅದು ಇಂಗ್ಲಿಷರ ಕಣ್ಣಿಗೆ ಸೇಲ್ಸ್ ಎಂದು ಕಂಡು, ಅವರ ಮೂಲಕ ನಮಗೂ ಹಾಗೆಯೇ ಬಂದಿತು.

ತಂದೆ ಕುಲೀನ, ಹಿರಿಯ ಮಗ ನ್ಯಾಯವೇತ್ತನಾಗಿ ರಾಜಸಭೆಯಲ್ಲಿ ಆಸನವನ್ನಲಂಕರಿಸಲಿ ಎಂಬುದು ಆತನ ಅಭಿಲಾಷೆ. ಅದಕ್ಕಾಗಿ ಫ್ರಾನ್ಸಿಸನನ್ನು ಪ್ಯಾರಿಸ್ಸಿನ ಜೆಸ್ವಿಟರ ವಿದ್ಯಾಲಯಕ್ಕೂ, ತರುವಾಯ ಇಟಲಿಯ ಪಾದುವಾ ವಿಶ್ವವಿದ್ಯಾಲಯಕ್ಕೂ ಕಳುಹಿಸಿದರು. ಪ್ಯಾರಿಸ್ಸಿನಲ್ಲಿದ್ದಾಗ, ಹತ್ತೊಂಬತ್ತರ ಹರೆಯದಲ್ಲಿ, ಈ ತರುಣನಿಗೆ ಒಂದು ಘೋರವಾದ ಮನಃಕ್ಲೇಶವು ಒದಗಿತು. ಯಾರು ಉದ್ಧಾರವಾಗಬೇಕು, ಯಾರು ಆಗಬಾರದು ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿಬಿಟ್ಟಿದ್ದಾನೆಂಬ ವಾದವು ಆಗಿನ ಪಂಡಿತವಲಯದಲ್ಲಿ ಪ್ರಬಲವಾಗಿದ್ದಿತು. ಪ್ರಾಟೆಸ್ಟಂಟರಲ್ಲಿ ಕಾಲ್ವಿನ್ ಅದನ್ನು ಕಠೋರವಾಗಿ ಪ್ರತಿಪಾದಿಸಿದ್ದನಾದರೂ, ಕ್ಯಾಥೊಲಿಕರಲ್ಲಿಯೂ ಆ ಚರ್ಚೆ ಇಲ್ಲದಿರಲಿಲ್ಲ. ತಾನು ತ್ಯಜಿಸಲ್ಪಟ್ಟವರ ಪಟ್ಟಿಯಲ್ಲಿರುವೆನೆಂಬ ಶಂಕೆಯು ಫ್ರಾನ್ಸಿಸನನ್ನು ವಾರಗಟ್ಟಲೆ ಅನ್ನನಿದ್ರೆಗಳಿಲ್ಲದಂತೆ ಬಾಧಿಸಿತು. ಕಡೆಗೆ ಒಂದು ದಿನ ಕನ್ಯಾಮರಿಯಳ ವಿಗ್ರಹದ ಮುಂದೆ ಮಂಡಿಯೂರಿ, ಮರಣಾನಂತರ ತನ್ನ ಗತಿ ಏನೇ ಆಗಲಿ, ಬದುಕಿರುವಷ್ಟು ಕಾಲ ದೇವರನ್ನು ಪ್ರೀತಿಸುವುದೊಂದು ತನಗೆ ಸಾಕೆಂದು ನಿಶ್ಚಯಿಸಿಕೊಂಡ ಮೇಲೆ ಆ ಭಾರವು ಇಳಿಯಿತು. ಅವನು ಮುಂದೆ ರಚಿಸಿದ ಧರ್ಮಶಾಸ್ತ್ರವೆಲ್ಲವೂ ಈ ಅನುಭವದ ವಿಸ್ತಾರವೆಂದರೆ ತಪ್ಪಾಗದು: ದೇವರ ಭಯವು ಗೌಣ, ಪ್ರೀತಿಯು ಪ್ರಧಾನ.

1591ರಲ್ಲಿ ಪಾದುವಾದಿಂದ ಕಾನೂನಿನ ಡಾಕ್ಟರೇಟ್ ಪಡೆದು ಹಿಂದಿರುಗಿದ ಮಗನು ನ್ಯಾಯಾಸ್ಥಾನವನ್ನು ಬಿಟ್ಟು 1593ರಲ್ಲಿ ಗುರುದೀಕ್ಷೆಯನ್ನು ಪಡೆದನು. ಮರುವರ್ಷ ಅವನಿಗೆ ವಹಿಸಲ್ಪಟ್ಟ ಕಾರ್ಯ ಸುಲಭದ್ದಾಗಿರಲಿಲ್ಲ. ಜಿನೀವಾ ಸರೋವರದ ದಕ್ಷಿಣ ತೀರದ ಶಾಬ್ಲೇ ಸೀಮೆಯ ಜನರು ಅರವತ್ತು ವರ್ಷಗಳ ಹಿಂದೆಯೇ ಪ್ರಾಟೆಸ್ಟಂಟ್ ಮತಕ್ಕೆ ಸೇರಿಹೋಗಿದ್ದರು. ಅಲ್ಲಿಗೆ ಹೋಗಿ ಉಪದೇಶಿಸಬೇಕು. ರಾತ್ರಿ ತಂಗಲು ಅಲ್ಯಾಂಜ್ ಎಂಬ ಬೆಟ್ಟದ ಮೇಲಿನ ಕೋಟೆ. ಹಗಲು ಕಾಲ್ನಡಿಗೆಯಲ್ಲಿ ತೊನೊಂ ಪಟ್ಟಣಕ್ಕೆ ಇಳಿಯುವುದು. ಅವನ ಉಪನ್ಯಾಸಕ್ಕೆ ಬರಲು ಜನರು ಹೆದರುತ್ತಿದ್ದರು, ಬಂದವರನ್ನು ಉಳಿದವರು ಆಕ್ಷೇಪಿಸುತ್ತಿದ್ದರು. ಆಗ ಫ್ರಾನ್ಸಿಸನು ಕಂಡುಕೊಂಡ ಉಪಾಯವು ಅವನ ಹೆಸರನ್ನು ಶತಮಾನಗಳ ಮೇಲೆ ಒಂದು ವೃತ್ತಿಗೇ ಅಂಟಿಸಿಬಿಟ್ಟಿತು. ತಾನು ಹೇಳಬೇಕೆಂದಿದ್ದುದನ್ನು ಚಿಕ್ಕ ಚಿಕ್ಕ ಪತ್ರಿಕೆಗಳಾಗಿ ಬರೆದು, ಪ್ರತಿಗಳನ್ನು ಮಾಡಿಸಿ, ಕೇಳಲು ಬಾರದವರ ಮನೆಗಳ ಬಾಗಿಲ ಸಂದಿಯಿಂದ ಒಳಕ್ಕೆ ಸರಿಸತೊಡಗಿದನು. ಈ ಬಿಡಿ ಹಾಳೆಗಳು ಅವನ ಮರಣಾನಂತರ, 1672ರಲ್ಲಿ, ಗ್ರಂಥರೂಪವಾಗಿ ಪ್ರಕಟವಾದವು. 1923ರ ಜನವರಿ 26ರಂದು ಹನ್ನೊಂದನೆಯ ಪಿಯುಸ್ ಪೋಪರು ಅವನನ್ನು ಲೇಖಕರ, ವಿಶೇಷವಾಗಿ ಪತ್ರಕರ್ತರ, ಪಾಲಕಸಂತನೆಂದು ಘೋಷಿಸಿದ್ದಕ್ಕೆ ಈ ಹಾಳೆಗಳೇ ಒಂದು ಮುಖ್ಯ ಕಾರಣ. ಜಗತ್ತಿನ ಮಾಧ್ಯಮದವರನ್ನು ಕುರಿತ ಪೋಪರ ವಾರ್ಷಿಕ ಸಂದೇಶವು ಈಗ ಈತನ ಹಬ್ಬದ ದಿನವಾದ ಜನವರಿ 24ರಂದು ಹೊರಬೀಳುವುದೂ ಇದೇ ಸಂಬಂಧದಿಂದ.

ಶಾಬ್ಲೇ ಸೀಮೆಯು 1598ರ ವೇಳೆಗೆ ಬಹುಮಟ್ಟಿಗೆ ಕ್ಯಾಥೊಲಿಕ್ ಮತಕ್ಕೆ ಮರಳಿತು. ಭಕ್ತರು ಬರೆದ ಚರಿತ್ರೆಗಳಲ್ಲಿ ಇದೆಲ್ಲವೂ ಮಧುರವಾದ ಮಾತಿನ ವಿಜಯವೆಂದು ವರ್ಣಿತವಾಗಿದೆ. ನ್ಯಾಯವಾಗಿ ಹೇಳಬೇಕಾದರೆ, ಕೊನೆಯ ಹಂತದಲ್ಲಿ ಸವಾಯ್ ಪ್ರಭುವಿನ ಅಧಿಕಾರದಂಡವೂ ಅಲ್ಲಿ ಕೆಲಸ ಮಾಡಿತು, ಒಪ್ಪದ ಕೆಲವರು ನಾಡು ಬಿಡಬೇಕಾಯಿತು. ಮಹಾಪುರುಷರ ಚರಿತ್ರೆಯಿಂದ ಇಂಥ ಸಂಗತಿಗಳನ್ನು ಅಳಿಸಿಹಾಕುವುದು ಅವರಿಗೆ ತೋರುವ ಗೌರವವಲ್ಲ. ಆದರೂ ಎದುರಾಳಿಯನ್ನು ಬೈದು ಬರೆಯುವುದೇ ವಾಡಿಕೆಯಾಗಿದ್ದ ಆ ಕಾಲದಲ್ಲಿ, ಫ್ರಾನ್ಸಿಸನು ತನ್ನ ಲೇಖನಿಯಲ್ಲಿ ಉಳಿಸಿಕೊಂಡ ಸೌಜನ್ಯವು ಅಪೂರ್ವವಾದದ್ದು.

1602ರಲ್ಲಿ ಅವನು ಜಿನೀವಾದ ಬಿಷಪ್ಪನಾಗಿ ಅಭಿಷಿಕ್ತನಾದನು. ವಿಚಿತ್ರವೇನೆಂದರೆ, ಜಿನೀವಾ ಕಾಲ್ವಿನ್ ಪಂಥೀಯರ ರಾಜಧಾನಿಯಾಗಿದ್ದುದರಿಂದ ತನ್ನ ಪೀಠದ ಪಟ್ಟಣದಲ್ಲಿ ಅವನು ವಾಸ ಮಾಡುವಂತಿರಲಿಲ್ಲ. ಆನಸಿ ಎಂಬ ಸರೋವರದ ಊರಿನಲ್ಲಿದ್ದುಕೊಂಡೇ ಆಡಳಿತ ನಡೆಸಿದನು. ಅಲ್ಲಿ ಆಂಟ್ವಾನ್ ಫಾವ್ರ್ ಎಂಬ ನ್ಯಾಯಪಂಡಿತನೊಡಗೂಡಿ ಅವನು ಸ್ಥಾಪಿಸಿದ ಫ್ಲಾರಿಮಾಂಟೇನ್ ಎಂಬ ವಿದ್ವತ್ಸಭೆಯು, ಫ್ರೆಂಚ್ ಭಾಷೆಯ ಸುಪ್ರಸಿದ್ಧ ಅಕಾಡೆಮಿಗಿಂತ ಕಾಲು ಶತಮಾನದಷ್ಟು ಹಿರಿದು. ಕಿವುಡನಾಗಿದ್ದು ಮಾತೂ ಬಾರದಿದ್ದ ಮಾರ್ಟಿನ್ ಎಂಬ ಬಡವನೊಬ್ಬನಿಗೆ ಬಿಷಪ್ಪನು ಸ್ವತಃ ಕೈಸನ್ನೆಗಳ ಮೂಲಕ ಧರ್ಮವನ್ನು ಬೋಧಿಸಿದ್ದೂ ಈ ಅವಧಿಯಲ್ಲಿಯೇ. ಆದುದರಿಂದ ಶ್ರವಣಶಕ್ತಿ ಇಲ್ಲದವರೂ ಈತನನ್ನು ತಮ್ಮ ಪಾಲಕಸಂತನೆಂದು ಭಾವಿಸಿಕೊಂಡು ಬಂದಿದ್ದಾರೆ.

ಇಷ್ಟೆಲ್ಲ ಆದ ಮೇಲೆ ಅವನ ಗ್ರಂಥದ ವಿಚಾರಕ್ಕೆ ಬರಬೇಕು, ಏಕೆಂದರೆ ಹೆಸರುಗಳ ಬೇರು ಇರುವುದು ಅಲ್ಲಿ. 1609ರ ದಿನಾಂಕವನ್ನು ಹೊತ್ತು ಹೊರಬಂದ ‘ಭಕ್ತಿಜೀವನಕ್ಕೆ ಪ್ರವೇಶ’ ಎಂಬ ಪುಸ್ತಕವು ಪಂಡಿತರಿಗಾಗಿ ಬರೆದದ್ದಲ್ಲ. ಶಾರ್ಮ್ವಾಸಿ ಎಂಬ ಮನೆತನದ ಗೃಹಿಣಿಯೊಬ್ಬಳು, ಗಂಡ, ಮಕ್ಕಳು, ರಾಜಸಭೆಯ ಓಡಾಟ, ಆಳುಕಾಳುಗಳ ಉಸ್ತುವಾರಿ ಇವುಗಳ ನಡುವೆ ತಾನು ದೇವರ ಧ್ಯಾನಕ್ಕೆ ಎಲ್ಲಿಂದ ಅವಕಾಶ ಮಾಡಿಕೊಳ್ಳಲೆಂದು ಕೇಳಿದಾಗ, ಆಕೆಗೆ ಅವನು ಕಾಲಕಾಲಕ್ಕೆ ಬರೆದುಕೊಟ್ಟ ಸಲಹೆಗಳೇ ಅದರ ಮೂಲಸಾಮಗ್ರಿ. ಅಚ್ಚಿಗೆ ಸಿದ್ಧಪಡಿಸುವಾಗ ಆಕೆಯ ಹೆಸರನ್ನು ಮರೆಮಾಡಿ, ದೇವರನ್ನು ಪ್ರೀತಿಸುವವಳು ಎಂಬರ್ಥದ ಫಿಲೊಥಿಯಾ ಎಂಬ ಸಂಬೋಧನೆಯನ್ನಿಟ್ಟುಕೊಂಡು, ಓದುವವರೆಲ್ಲರೂ ತಮಗೇ ಬಂದ ಪತ್ರವೆಂದು ಭಾವಿಸುವಂತೆ ಅದನ್ನು ರೂಪಿಸಿದನು.

ಆ ಕಾಲದ ಸಾಮಾನ್ಯ ತಿಳಿವಳಿಕೆ ಏನಿದ್ದಿತೆಂಬುದನ್ನು ನೆನೆದರೆ ಈ ಪುಸ್ತಕದ ಧೈರ್ಯವು ಅರ್ಥವಾಗುತ್ತದೆ. ನಿಜವಾದ ಆಧ್ಯಾತ್ಮವು ಮಠದ ಗೋಡೆಯೊಳಗಿನವರಿಗೆ, ಸಂಸಾರವನ್ನು ತೊರೆದವರಿಗೆ ಮೀಸಲು. ಹೊರಗಿನವರು ಭಾನುವಾರದ ಪೂಜೆಗೆ ಬಂದು, ಕಟ್ಟಳೆಗಳನ್ನು ಪಾಲಿಸಿ, ಉಳಿದುದನ್ನು ಸನ್ಯಾಸಿಗಳ ಪ್ರಾರ್ಥನೆಗೆ ಬಿಡತಕ್ಕದ್ದು. ಫ್ರಾನ್ಸಿಸನು ಇದನ್ನು ಒಪ್ಪಲಿಲ್ಲ. ಸೈನಿಕನ ಪಾಳೆಯದಲ್ಲಿ, ಕಮ್ಮಾರ ಬಡಗಿಗಳ ಅಂಗಡಿಯಲ್ಲಿ, ಅರಸರ ಓಲಗದಲ್ಲಿ, ದಂಪತಿಗಳ ಮನೆಯಲ್ಲಿ ಭಕ್ತಿಗೆ ಸ್ಥಳವಿಲ್ಲವೆನ್ನುವುದು ಶುದ್ಧ ತಪ್ಪೆಂದು ಅವನು ಸಾಧಿಸಿದನು. ಅಷ್ಟಕ್ಕೇ ನಿಲ್ಲದೆ, ಒಬ್ಬೊಬ್ಬನ ವೃತ್ತಿಗೂ ಶಕ್ತಿಗೂ ಹೊಣೆಗೂ ಹೊಂದುವಂತೆ ಭಕ್ತಿಯ ರೀತಿಯು ಬೇರೆಯಾಗಬೇಕೆಂದೂ, ಬಿಷಪ್ಪನು ಏಕಾಂತವಾಸಿಯಂತೆ ಬದುಕತೊಡಗಿದರೆ, ಸಂಸಾರಸ್ಥನು ಗಳಿಕೆಯನ್ನೇ ತೊರೆದರೆ, ಕಸುಬಿನವನು ಸನ್ಯಾಸಿಯಂತೆ ದಿನವಿಡೀ ದೇವಾಲಯದಲ್ಲಿಯೇ ಕುಳಿತರೆ, ಅದು ಭಕ್ತಿಯಲ್ಲ, ಅವ್ಯವಸ್ಥೆಯೆಂದೂ ಸ್ಪಷ್ಟವಾಗಿ ವಾದಿಸಿದನು. ಕೈಯಲ್ಲಿರುವ ಕೆಲಸವನ್ನು ಕೆಡಿಸುವ ಭಕ್ತಿಯು ಎಲ್ಲಿಯೋ ದೋಷಯುಕ್ತವಾಗಿದೆಯೆಂಬುದು ಅವನ ನಿಶ್ಚಿತಾಭಿಪ್ರಾಯ.

ಕನ್ನಡಿಗರಿಗೆ ಈ ಮಾತು ಹೊಸದಾಗಿ ಕೇಳಿಸದು. ಕಾಯಕದ ವಿಚಾರವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಂಡುಂಡ ನಾಡು ನಮ್ಮದು. ನೇಯುವವರು, ಅಂಬಿಗರು, ಚಮ್ಮಾರರು ಅನುಭವ ಮಂಟಪದಲ್ಲಿ ಕುಳಿತು ತಮ್ಮ ತಮ್ಮ ಕಸುಬಿನ ನಡುವಿನಿಂದಲೇ ಪರಮಾರ್ಥವನ್ನು ನುಡಿದದ್ದು ಶರಣರ ಇತಿಹಾಸ. ಈ ಎರಡು ವಿಚಾರಧಾರೆಗಳಿಗೂ ಚಾರಿತ್ರಿಕವಾದ ಯಾವ ಸಂಪರ್ಕವೂ ಇಲ್ಲ. ಕಾಯಕವೆಂಬುದರಲ್ಲಿರುವ ಸಾಮಾಜಿಕ ಸಮತೆಯ ಕೆಚ್ಚು ಕುಲೀನ ಬಿಷಪ್ಪನ ಗ್ರಂಥದಲ್ಲಿ ಅಷ್ಟು ತೀಕ್ಷ್ಣವಾಗಿಯೂ ಇಲ್ಲ. ಆದರೆ ದೂರದ ಎರಡು ನಾಡುಗಳಲ್ಲಿ, ಬೇರೆ ಬೇರೆ ಶತಮಾನಗಳಲ್ಲಿ, ದುಡಿಯುವವನ ದಿನಚರಿಯನ್ನು ಪವಿತ್ರವೆಂದು ಗ್ರಹಿಸಿದ ಹೃದಯಗಳಿದ್ದುವೆಂಬುದನ್ನು ತಿಳಿದಾಗ ಆಗುವ ಸಂತೋಷವನ್ನು ನಾನು ಅಡಗಿಸಿಡಲಾರೆ.

1616ರಲ್ಲಿ ಅವನ ಎರಡನೆಯ ಮಹಾಕೃತಿಯಾದ ‘ಭಗವತ್ಪ್ರೇಮದ ಪ್ರಬಂಧ’ವು ಪ್ರಕಟವಾಯಿತು. ಮೊದಲನೆಯದು ಲೋಕಪ್ರಿಯ, ಇದು ಶಾಸ್ತ್ರೀಯ. ಇವುಗಳ ಜೊತೆಗೆ ಎರಡು ಸಾವಿರಕ್ಕೂ ಮಿಕ್ಕ ಪತ್ರಗಳು ಉಳಿದು ಬಂದಿವೆ. 1622ರ ಡಿಸೆಂಬರ್ 28ರಂದು ಲಿಯೊನ್ ನಗರದಲ್ಲಿ ಅವನು ಕಾಲವಾದನು. 1665ರಲ್ಲಿ ಸಂತಪದವಿಯೂ, 1877ರಲ್ಲಿ ಧರ್ಮಸಭೆಯ ಆಚಾರ್ಯನೆಂಬ ವಿರಳವಾದ ಬಿರುದೂ ಸಂದವು.

ಅವನ ಹೆಸರಿನ, ಅವನ ಕೈಯ ಕುಡಿಗಳಲ್ಲಿ ಮೊದಲನೆಯದು ಅವನು ಬದುಕಿದ್ದಾಗಲೇ ಚಿಗುರಿತು. 1610ರಲ್ಲಿ ಜೇನ್ ದ ಶಾಂತಾಲ್ ಎಂಬ ವಿಧವೆಯೊಡನೆ ಸೇರಿ ಅವನು ಆನಸಿಯಲ್ಲಿ ‘ಸಂದರ್ಶನ’ದ ಸೋದರಿಯರ ಸಂಘವನ್ನು ಆರಂಭಿಸಿದನು. ದೇಹಬಲ ಸಾಲದವರು, ವಯಸ್ಸಾದವರು, ಕಠೋರ ಉಪವಾಸಗಳನ್ನು ತಾಳಲಾರದವರು ಕೂಡ ಅಲ್ಲಿ ಸೇರಬಹುದಾಗಿದ್ದಿತು. ಸೋದರಿಯರು ಹೊರಗೆ ಹೋಗಿ ರೋಗಿಗಳನ್ನು ಕಂಡು ಉಪಚರಿಸಬೇಕೆಂಬುದು ಮೂಲೋದ್ದೇಶ. ಸ್ತ್ರೀಯರು ಮಠದಿಂದ ಹೊರಗೆ ಸಂಚರಿಸುವುದನ್ನು ಲಿಯೊನಿನ ಆರ್ಚ್‌ಬಿಷಪ್ಪನು ಒಪ್ಪದೆ ಹೋದುದರಿಂದ, 1618ರ ಹೊತ್ತಿಗೆ ಆ ಸಂಘವು ಗೋಡೆಯೊಳಗಿನ ಮಠವಾಗಿ ಮಾರ್ಪಟ್ಟಿತು. ಇದನ್ನು ನಾನು ದೊಡ್ಡ ನಷ್ಟವೆಂದೇ ಎಣಿಸುತ್ತೇನೆ. ಆದರೆ ಆ ಗೋಡೆಯೊಳಗಿಂದಲೇ ಹೊರಟ ಒಂದು ವಸ್ತು ನಮ್ಮ ನಾಡಿನ ಮನೆಮನೆಗಳವರೆಗೆ ಬಂದಿದೆ. ಪಾರೆ-ಲ-ಮೊನಿಯಾಲ್ ಎಂಬ ಊರಿನ ಸಂದರ್ಶನ ಮಠದ ಮಾರ್ಗರೆಟ್ ಮೇರಿ ಎಂಬ ಸೋದರಿಯು 1670ರ ದಶಕದಲ್ಲಿ ಪಡೆದ ದರ್ಶನಗಳಿಂದ ಯೇಸುವಿನ ಪವಿತ್ರ ಹೃದಯದ ಆರಾಧನೆಯು ಲೋಕವ್ಯಾಪಿಯಾಯಿತು. ಹಾರೋಬೆಲೆಯಂಥ ಕನ್ನಡ ಕ್ರೈಸ್ತರ ಹಳ್ಳಿಗಳಿಂದ ಹಿಡಿದು ಬೆಂಗಳೂರಿನ ಬಡಾವಣೆಗಳವರೆಗೆ, ಕ್ಯಾಥೊಲಿಕರ ಪಡಸಾಲೆಯ ಗೋಡೆಯ ಮೇಲೆ ದೀಪದೊಡನೆ ಕಾಣುವ ಚಿತ್ರವು ಅದೇ. ನಗರದಲ್ಲಿ ಪವಿತ್ರ ಹೃದಯದ ಹೆಸರಿನ ದೇವಾಲಯವೂ ಶಾಲೆಯೂ ಇವೆ. ಫ್ರಾನ್ಸಿಸನ ಹೆಸರು ಅಲ್ಲಿಲ್ಲ, ಆದರೆ ಅವನು ನೆಟ್ಟ ಬಳ್ಳಿ ಅದು.

ಹೆಬ್ಬಗೋಡಿಗೆ ಅವನ ಹೆಸರು ಬಂದ ದಾರಿ ಬೇರೆ. ಫ್ರೆಂಚ್ ಮಹಾಕ್ರಾಂತಿಯಿಂದ ಸವಾಯ್ ಸೀಮೆಯ ದೇವಾಲಯಗಳು ಹಾಳುಬಿದ್ದು, ಗ್ರಾಮಗಳಲ್ಲಿ ಧರ್ಮೋಪದೇಶವು ನಿಂತುಹೋಗಿದ್ದ ಕಾಲದಲ್ಲಿ, ಪೀಟರ್ ಮರ್ಮಿಯೆ ಎಂಬ ಗುರುವು ಹಳ್ಳಿಹಳ್ಳಿಗೆ ಹೋಗಿ ಬೋಧಿಸುವ ಒಂದು ತಂಡವನ್ನು ಕಟ್ಟಿ, 1838ರಲ್ಲಿ ಆನಸಿಯಲ್ಲಿ ಅದನ್ನು ‘ಸಂತ ಫ್ರಾನ್ಸಿಸ್ ಡಿ ಸೇಲ್ಸ್‌ನ ಪ್ರೇಷಿತರು’ ಎಂಬ ಸಂಘವಾಗಿ ನೆಲೆಗೊಳಿಸಿದನು. ಈ ಸಂಘದವರನ್ನು ಫ್ರಾನ್ಸೇಲಿಯನ್ನರೆಂದು ಕರೆಯುವುದುಂಟು. ಸಂಘವು ಹುಟ್ಟಿ ಎಂಟೇ ವರ್ಷಕ್ಕೆ, 1846ರಲ್ಲಿ, ಅದರ ಮೊದಲ ಗುರುಗಳು ಭಾರತದ ಪೂರ್ವ ಕರಾವಳಿಯ ವಿಶಾಖಪಟ್ಟಣಕ್ಕೆ ಬಂದಿಳಿದರು. ಆಲ್ಪ್ಸಿನ ಹಿಮದ ಊರುಗಳಿಂದ ಬಂದವರು ತೆಲುಗು ಕರಾವಳಿಯ ಬಿಸಿಲಿನಲ್ಲಿ, ಒರಿಸ್ಸಾದ ಕಾಡುಗಳಲ್ಲಿ, ನಾಗಪುರದ ಬಯಲಿನಲ್ಲಿ ಜ್ವರಗಳಿಗೆ ತುತ್ತಾಗುತ್ತ ಕೆಲಸ ಮಾಡಿದರು. ನಾಗಪುರದ ಪ್ರಧಾನಾಲಯಕ್ಕೂ, 1870ರಲ್ಲಿ ಅಲ್ಲಿ ಆರಂಭವಾದ ಶಾಲೆಗೂ ಇದೇ ಸಂತನ ಹೆಸರು, ವಿದರ್ಭದಲ್ಲಿ ಎಸ್.ಎಫ್.ಎಸ್. ಎಂದರೆ ತಲೆಮಾರುಗಳಿಂದ ಪರಿಚಿತವಾದ ಅಕ್ಷರಗಳು. ಮೈಸೂರು ಸೀಮೆಯಲ್ಲಿಯಾದರೋ ಆ ಕಾಲದಲ್ಲಿ ಕ್ಯಾಥೊಲಿಕ್ ಗುರುಗಳಾಗಿದ್ದವರು ಪ್ಯಾರಿಸ್ಸಿನ ವಿದೇಶೀ ಪ್ರೇಷಿತ ಸಂಘದವರು. ಅವರಿಗೂ ಮೊದಲು, 1648ರಿಂದ, ಶ್ರೀರಂಗಪಟ್ಟಣದಲ್ಲಿ ನೆಲೆಸಿ ಕನ್ನಡವನ್ನು ಕಲಿತ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ ಮೊದಲಾದವರು. ಆದುದರಿಂದ ಬೆಂಗಳೂರಿನ ಹಳೆಯ ಕ್ಯಾಥೊಲಿಕ್ ಸಂಸ್ಥೆಗಳ ಪೈಕಿ ಡಿ ಸೇಲ್ಸ್ ಎಂಬ ಹೆಸರು ವಿರಳ. ಅದು ನಗರದ ದಕ್ಷಿಣ ಅಂಚಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ, ಫ್ರಾನ್ಸೇಲಿಯನ್ನರು ಇಲ್ಲಿ ತಮ್ಮ ತರುಣರ ತತ್ತ್ವಶಾಸ್ತ್ರದ ವ್ಯಾಸಂಗಕ್ಕಾಗಿ ‘ಸುವಿದ್ಯಾ’ ಎಂಬ ಕೇಂದ್ರವನ್ನೂ, ಶಾಲೆ ಕಾಲೇಜುಗಳನ್ನೂ ಕಟ್ಟಿದಾಗ.

ಆ ನೆಲವು ಆಗ ಹೇಗಿದ್ದಿತೆಂಬುದನ್ನೂ ಸ್ವಲ್ಪ ನೆನೆಯಬೇಕು. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು, ಅದರ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗ ಅವರ ದೂರದೃಷ್ಟಿಯಿಂದ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದಾಗ ಸುತ್ತಮುತ್ತ ಇದ್ದದ್ದು ಹೊಲ, ನೀಲಗಿರಿ ತೋಪು, ಕೆರೆಯಂಗಳ. ಅದರಾಚೆಗೆ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ ಬೆಳೆಯಿತು. ಔಷಧಗಳ ಕಾರ್ಖಾನೆಗಳೂ, ಆಸ್ಪತ್ರೆಗಳೂ, ಯಂತ್ರಭಾಗಗಳ ಘಟಕಗಳೂ, ಉಡುಪಿನ ಕಾರ್ಖಾನೆಗಳೂ ಬಂದವು. ಆನೇಕಲ್ ತಾಲ್ಲೂಕಿನ ಹಳ್ಳಿಯಾಗಿದ್ದ ಹೆಬ್ಬಗೋಡಿ ಈಗ ನಗರಸಭೆ. 2004ರಲ್ಲಿ ಇಲ್ಲಿ ಸೇಂಟ್ ಫ್ರಾನ್ಸಿಸ್ ಡಿ ಸೇಲ್ಸ್ ಕಾಲೇಜು ಆರಂಭವಾದಾಗ, ಹತ್ತಿರದಲ್ಲಿಯೇ ಪದವಿ ಪಡೆಯುವ ಅನುಕೂಲವು ಈ ದುಡಿಮೆಯ ನೆರೆಹೊರೆಗೆ ದೊರೆಯಿತು. ಇಲ್ಲಿನ ಬೀದಿಗಳಲ್ಲಿ ಬೆಳಗಿನ ಆರು ಗಂಟೆಗೇ ಶಿಫ್ಟಿನ ಬಸ್ಸುಗಳು, ಅರ್ಧರಾತ್ರಿಯಲ್ಲಿ ಕ್ಯಾಬುಗಳು, ಪಿ.ಜಿ.ಗಳ ಮಹಡಿಗಳಲ್ಲಿ ಹಗಲಿನಲ್ಲಿ ನಿದ್ರಿಸುವ ತರುಣರು. ಟಿಫಿನ್ ಡಬ್ಬಿಯನ್ನು ಚೀಲಕ್ಕಿಟ್ಟುಕೊಂಡು ಹೊಲಿಗೆ ಕಾರ್ಖಾನೆಗೆ ನಡೆಯುವ ತಾಯಂದಿರು. ಮನೆ, ಮಕ್ಕಳು, ಮೇಲಧಿಕಾರಿ, ಸಾಲದ ಕಂತು ಇವುಗಳ ನಡುವೆ ಮನಶ್ಶಾಂತಿಗೆ ಎಲ್ಲಿಂದ ಬಿಡುವು ಎಂದು ಕೇಳುವವರು ಈ ಬೀದಿಗಳಲ್ಲಿ ಎಷ್ಟು ಮಂದಿ! ಅವರು ಯಾವ ಮತದವರೇ ಆಗಿರಲಿ, ಫಿಲೊಥಿಯಾ ಕೇಳಿದ ಪ್ರಶ್ನೆ ಅವರದೂ ಆಗಿದೆ. ದಿನದ ನಡುನಡುವೆ, ಕೆಲಸವನ್ನು ಬಿಡದೆಯೇ, ಕ್ಷಣಕಾಲ ಮನಸ್ಸನ್ನು ಒಳಗೆಳೆದುಕೊಳ್ಳುವ ಅಭ್ಯಾಸವನ್ನು ಫ್ರಾನ್ಸಿಸನು ಆಕೆಗೆ ಕಲಿಸಿದನು. ತನ್ನ ತಪ್ಪುಗಳ ಮೇಲೆ ತಾನೇ ಸಿಟ್ಟಾಗುವುದನ್ನು ಬಿಟ್ಟು, ಪರರೊಡನೆ ಹೇಗೋ ಹಾಗೆ ತನ್ನೊಡನೆಯೂ ಸೌಮ್ಯವಾಗಿರಬೇಕೆಂದು ಬರೆದನು. ಗುರಿಗಳ, ಮೌಲ್ಯಮಾಪನಗಳ ಒತ್ತಡದಲ್ಲಿ ತಮ್ಮನ್ನು ತಾವೇ ದಂಡಿಸಿಕೊಳ್ಳುವ ತರುಣರಿಗೆ ಈ ಕೊನೆಯ ಮಾತನ್ನು ಯಾರಾದರೂ ಓದಿ ಹೇಳಬೇಕು.

ಕಡಲಾಚೆಗೆ ಈ ಹೆಸರು ಹರಡಿರುವುದನ್ನು ಇಲ್ಲಿ ಬೇಗನೆ ನೋಡಿ ಮುಗಿಸಬಹುದು. ಸವಾಯ್ ಸೀಮೆಯ ಬೋಜ್ ಬೆಟ್ಟಗಳಲ್ಲಿ ಸೇಂಟ್ ಫ್ರಾಂಸ್ವಾ ದ ಸಾಲ್ ಎಂಬ ಪುಟ್ಟ ಊರಿದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿಯೂ ಅದೇ ಹೆಸರಿನ ಊರುಂಟು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1960ರ ದಶಕದಲ್ಲಿ ಆರಂಭವಾದ ಕಾಲೇಜೊಂದು 2001ರಿಂದ ಡಿಸೇಲ್ಸ್ ವಿಶ್ವವಿದ್ಯಾಲಯವೆಂದು ಕರೆಸಿಕೊಳ್ಳುತ್ತಿದೆ.

ಇವೆಲ್ಲಕ್ಕಿಂತ ವಿಸ್ತಾರವಾಗಿ ಆ ಹೆಸರನ್ನು ಲೋಕಕ್ಕೆ ಒಯ್ದವನು ಮಾತ್ರ ಟ್ಯೂರಿನ್ ನಗರದ ಬಡ ಗುರು ಜಾನ್ ಬಾಸ್ಕೊ, ಎಂದರೆ ಡಾನ್ ಬಾಸ್ಕೊ. 1815ರಲ್ಲಿ ರೈತನ ಮಗನಾಗಿ ಹುಟ್ಟಿದ ಈತನು ಗುರುವಾಗಿ ಟ್ಯೂರಿನ್‌ಗೆ ಬಂದಾಗ, ಇಟಲಿಯ ಕೈಗಾರಿಕೆಗಳು ಬೆಳೆಯತೊಡಗಿ, ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಬಂದ ಹುಡುಗರು ಗಾರೆಕೆಲಸ, ಚಿಮಣಿ ಗುಡಿಸುವ ಕೆಲಸಗಳಲ್ಲಿ ಸವೆಯುತ್ತಿದ್ದರು, ಕೆಲವರು ಸೆರೆಮನೆ ಸೇರುತ್ತಿದ್ದರು. ಅವರನ್ನು ಒಟ್ಟುಗೂಡಿಸಿದ ತನ್ನ ಕೇಂದ್ರಕ್ಕೂ, 1859ರ ಡಿಸೆಂಬರ್ 18ರಂದು ಸ್ಥಾಪಿಸಿದ ಸಂಘಕ್ಕೂ ಬಾಸ್ಕೊ ತನ್ನ ಹೆಸರನ್ನಿಡದೆ ಫ್ರಾನ್ಸಿಸ್ ಡಿ ಸೇಲ್ಸ್‌ನ ಹೆಸರನ್ನಿಟ್ಟನು. ಒರಟು ಹುಡುಗರನ್ನು ಒಲಿಸಿಕೊಳ್ಳಲು ಆ ಬಿಷಪ್ಪನ ಸೌಮ್ಯತೆಯೇ ಬೇಕೆಂಬುದು ಅವನ ನಂಬಿಕೆ. ಸಲೇಶಿಯನ್ನರೆಂದು ಪ್ರಸಿದ್ಧರಾದವರು ಈ ಸಂಘದವರು. 1906ರಲ್ಲಿ ತಂಜಾವೂರಿಗೆ ಬರುವ ಮೂಲಕ ಅವರು ಭಾರತದಲ್ಲಿ ಕಾಲಿಟ್ಟರು.

ಬಾಸ್ಕೊ ಮಾಡಿದ ಒಂದು ಕೆಲಸವನ್ನು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ವಲಯದ ಓದುಗರಿಗೆ ವಿವರವಾಗಿ ಹೇಳಬೇಕೆನಿಸುತ್ತದೆ. 1852ರ ಫೆಬ್ರವರಿಯಲ್ಲಿ, ಬಡಗಿಯೊಬ್ಬನ ಬಳಿ ಕಸುಬು ಕಲಿಯಲು ಸೇರಿದ ಹುಡುಗನ ಪರವಾಗಿ ಅವನು ಮುದ್ರಾಂಕ ಕಾಗದದ ಮೇಲೆ ಒಂದು ಒಪ್ಪಂದವನ್ನು ಬರೆಸಿದನು. ಹುಡುಗನನ್ನು ಕಸುಬಿಗೆ ಸಂಬಂಧಪಡದ ಮನೆಗೆಲಸಕ್ಕೆ ಹಚ್ಚಕೂಡದು; ತಪ್ಪು ಮಾಡಿದರೆ ಮಾತಿನಿಂದ ತಿದ್ದಬೇಕೇ ಹೊರತು ಕೈಮಾಡಕೂಡದು; ಹಬ್ಬದ ದಿನಗಳಲ್ಲಿ ಬಿಡುವು ಕೊಡತಕ್ಕದ್ದು; ವರ್ಷಕ್ಕೆ ಹದಿನೈದು ದಿನ ರಜೆ ಇರತಕ್ಕದ್ದು; ಗೊತ್ತುಮಾಡಿದ ಕೂಲಿಯನ್ನು ಸಲ್ಲಿಸತಕ್ಕದ್ದು. ಮಕ್ಕಳ ದುಡಿಮೆಗೆ ಕಾನೂನಿನ ರಕ್ಷಣೆಯೇ ಹೆಚ್ಚಾಗಿ ಇಲ್ಲದಿದ್ದ ಕಾಲದಲ್ಲಿ, ಗುರುವೊಬ್ಬನು ಧಣಿಯ ಮುಂದೆ ಕುಳಿತು ಇಂಥ ಷರತ್ತುಗಳಿಗೆ ಸಹಿ ಹಾಕಿಸಿದನೆಂಬುದು ಸಾಮಾನ್ಯವೇ? ಲೇತಿನ ಮುಂದೆ ನಿಂತು, ಮೇಸ್ತ್ರಿಯ ಬೈಗುಳಗಳ ನಡುವೆ ಟರ್ನರ್ ಫಿಟ್ಟರ್ ಕೆಲಸವನ್ನು ಕಲಿತ ಹಿರಿಯ ಕೆಲಸಗಾರರನ್ನು ನೀವು ಪೀಣ್ಯದ ಯಾವ ಶೆಡ್ಡಿನಲ್ಲಿ ವಿಚಾರಿಸಿದರೂ, ಈ ಷರತ್ತುಗಳ ಒಂದೊಂದರ ಬೆಲೆಯನ್ನೂ ಅವರು ಬಲ್ಲರು.

ಬೆಂಗಳೂರಿನ ಪೂರ್ವದಲ್ಲಿ, ವೈಟ್‌ಫೀಲ್ಡಿಗೆ ಹೋಗುವ ಅನೇಕರು ದಾಟುವ ಕೃಷ್ಣರಾಜಪುರದಲ್ಲಿ, ಸಲೇಶಿಯನ್ನರ ಕ್ರಿಸ್ತು ಜ್ಯೋತಿ ಕಾಲೇಜು ಇದೆ. ಭಾವೀ ಗುರುಗಳು ಧರ್ಮಶಾಸ್ತ್ರವನ್ನು ಓದುವ ಸ್ಥಳ ಅದು. ಅಲ್ಲಿನ ವಿದ್ಯಾರ್ಥಿಗಳು 1980ರಲ್ಲಿ ಪುಸ್ತಕಗಳನ್ನು ಬದಿಗಿಟ್ಟು ನಗರದ ಬೀದಿಗಳಿಗೆ ಇಳಿದು, ರೈಲು ನಿಲ್ದಾಣಗಳಲ್ಲಿ, ಮಾರುಕಟ್ಟೆಗಳಲ್ಲಿ ಚಿಂದಿ ಆಯುತ್ತ, ಬೂಟು ಒರೆಸುತ್ತ, ಎಲ್ಲಿಂದಲೋ ಓಡಿಬಂದು ಮಲಗಲು ಜಾಗವಿಲ್ಲದೆ ಅಲೆಯುತ್ತಿದ್ದ ಮಕ್ಕಳೊಡನೆ ಮಾತಿಗೆ ಕುಳಿತರು. ಆ ಗೆಳೆತನದಿಂದ ಬೆಳೆದ ಸಂಸ್ಥೆಗೆ ಅವರು ಇಟ್ಟ ಹೆಸರು ಕನ್ನಡದ್ದೇ: ಬೆಂಗಳೂರು ಓಣಿಯವರ ಸೇವಾ ಕೂಟ. ಇಂಗ್ಲಿಷ್ ಲಿಪಿಯಲ್ಲಿ ಅದರ ಮೊದಲಕ್ಷರಗಳನ್ನು ಕೂಡಿಸಿದರೆ ಬಾಸ್ಕೊ ಎಂದಾಗುತ್ತದೆ. ಸವಾಯ್ ಬಿಷಪ್ಪನ ಹೆಸರನ್ನು ಟ್ಯೂರಿನ್ನಿನ ಗುರು ತನ್ನ ಸಂಘಕ್ಕಿಟ್ಟನು. ಆ ಗುರುವಿನ ಹೆಸರನ್ನು ಅವನ ಸಂಘದವರು ಬೆಂಗಳೂರಿನ ಓಣಿಗೆ ತಂದು, ಓಣಿಯವರ ಭಾಷೆಯಲ್ಲಿಯೇ ಅದನ್ನು ಹೊಸದಾಗಿ ಕಟ್ಟಿದರು. ಬೀದಿಯಲ್ಲಿ ಸಿಕ್ಕ ಮಗುವಿಗೆ ಮೊದಲು ಊಟ, ಸ್ನಾನ, ರಾತ್ರಿಗೊಂದು ಚಾಪೆ. ಸಾಧ್ಯವಾದರೆ ಹೆತ್ತವರ ಮನೆಗೆ ಮರಳಿಸುವುದು, ಆಗದಿದ್ದರೆ ಶಾಲೆ ಅಥವಾ ಒಂದು ಕಸುಬು: ಕೂಟದವರ ಕಾರ್ಯಕ್ರಮ ಇಷ್ಟು ಸರಳವಾದದ್ದು, ಇಷ್ಟು ಕಠಿಣವಾದದ್ದು. ಫ್ರಾನ್ಸಿಸ್ ಡಿ ಸೇಲ್ಸ್‌ನಿಂದ ಹೆಸರು ಪಡೆದ ವಸ್ತುಗಳಲ್ಲಿ ಯಾವುದನ್ನು ಮೊದಲು ತೋರಿಸುವೆಯೆಂದು ಯಾರಾದರೂ ನನ್ನನ್ನು ಕೇಳಿದರೆ, ಪ್ರಧಾನಾಲಯಗಳನ್ನೂ ವಿಶ್ವವಿದ್ಯಾಲಯವನ್ನೂ ಆಮೇಲಕ್ಕಿಟ್ಟು, ಅವರನ್ನು ನಾನು ಈ ಸೇವಾ ಕೂಟದ ಬಾಗಿಲಿಗೆ ಕರೆದೊಯ್ಯುವೆನು.